ನಾಲ್ಕನೆಯ ದಿಕ್ಕಿನ ಕೂಗು

ಮೂರು ದಿನ ಬಿಡದೆ ಸುರಿದ ಹಿಮ ನಾಲ್ಕನೆಯ ಬೆಳಿಗ್ಗೆ ನಿಂತಿತು. ಓಬರ್ಮಾಟ್ ಊರಿನ ಜನ ಬೆಳಗಿನ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಗೆ ಬಂದವರೇ ಎಲ್ಲರೂ ಒಂದೇ ಕಡೆ ಕತ್ತೆತ್ತಿದರು. ಮುದುಕ ಕಾಣುತ್ತಿದ್ದ.

ಆ ಶಿಖರಕ್ಕೆ ನಕ್ಷೆಯಲ್ಲಿ ಆಲ್ಟ್‌ಹೋರ್ನ್ ಎಂದು ಬರೆದಿದೆ. ಊರಿನಲ್ಲಿ ಯಾರೂ ಹಾಗೆ ಕರೆಯುವುದಿಲ್ಲ; ಮನೆಯ ಹಿರಿಯನನ್ನು ಹೆಸರು ಹಿಡಿದು ಕೂಗುವವರುಂಟೆ? ಮುದುಕ ಮೋಡದ ಟೋಪಿ ಇಟ್ಟರೆ ಹುಲ್ಲು ಕೊಯ್ಯಬಹುದು. ಕೊರಳಿಗೆ ಮೋಡದ ಪಟ್ಟಿ ಸುತ್ತಿದರೆ ಕುಡುಗೋಲನ್ನು ಗೂಟಕ್ಕೆ ಸಿಕ್ಕಿಸಬೇಕು. ಇವತ್ತು ಬೋಳುತಲೆ, ಬರಿಗೊರಳು. ಆದರೆ ಹೆಗಲ ತುಂಬ ಹೊಸ ಹಿಮ.

“ನಾಳೆ ಸಂಜೆಯೊಳಗೆ ಕಿಂಡಿ ದಾಟಿ ಈಚೆ ಬಂದಿರ್ಬೇಕು,” ಎಂದ ಊರ ಮುಖ್ಯಸ್ಥ. “ಇನ್ನೊಂದು ಸಲ ಅವನು ಬಾಗಿಲು ಹಾಕಿದ್ರೆ ತೆಗೆಯೋದು ಜೂನ್‌ಗೇ.”

ಕಿಂಡಿ ಎಂದರೆ ಮುದುಕನ ಹೆಗಲಿಗೂ ಕೆಂಪುಗೋಡೆ ಎಂಬ ಬಂಡೆಸಾಲಿಗೂ ನಡುವೆ ಇರುವ ನಲವತ್ತು ಹೆಜ್ಜೆ ಅಗಲದ ಸಂದು. ಅದರಾಚೆ ಹಿಂಬಟ್ಟಲು ಎಂಬ ಬೋಗುಣಿಯಂಥ ಹುಲ್ಲುಗಾವಲು. ಅಲ್ಲಿ ಊರಿನ ಹನ್ನೊಂದು ಮನೆಗಳ ತೊಂಬತ್ತನಾಲ್ಕು ಕುರಿಗಳ ಜೊತೆ ಕ್ಲೆಮೆನ್ಸ್ ಒಬ್ಬನೇ ಇದ್ದ. ಹಸುಗಳು ಶಿಲುಬೆಯ ಹಬ್ಬದ ದಿನ ಕಿಂಡಿಯ ಈಚೆಯ ಬೇಸಿಗೆ ಹುಲ್ಲುಗಾವಲಾದ ಮೇಲ್ಗಾವಲಿನಿಂದ ಊರಿಗಿಳಿದಿದ್ದವು. ಅದಾದ ಮೂರನೆಯ ದಿನ ಊರಿನವರು ಕಿಂಡಿಗೆ ಹತ್ತಿ, ಕುರಿಗಳನ್ನು ಇಳಿಸಿಕೊಳ್ಳುವುದು ತಾತಮುತ್ತಾತಂದಿರ ಕಾಲದ ವಾಡಿಕೆ. ಈ ವರ್ಷ ಹಸು ಇಳಿದ ಸಂಜೆಯೇ ಹಿಮ ಶುರುವಾಯಿತು.

“ನಾನು ಹೋಗ್ತೀನಿ,” ಎಂದ ಯೋಸ್ಟ್. ಅರವತ್ತೊಂದರ ಮನುಷ್ಯ, ಇಪ್ಪತ್ತೇಳು ಬೇಸಿಗೆ ಮೇಲ್ಗಾವಲಿನ ಯಜಮಾನಿಕೆ ಮಾಡಿದವನು, ಕ್ಲೆಮೆನ್ಸ್‌ನ ಅಣ್ಣ.

“ಮಂಡಿ ಬಗ್ಗಿಸಿ ಪ್ರಾರ್ಥನೆ ಮಾಡೋಕೇ ಆಗಲ್ಲ ನಿಮಗೆ, ಬೆಟ್ಟ ಹತ್ತೋಕಾಗುತ್ತಾ?” ಎಂದವನು ಮೈನ್‌ರಾಡ್, ಕಾಡುಮೇಕೆಯ ಬೇಟೆಗಾರ. ಬಂದೂಕಿಗಿಂತ ನಾಲಿಗೆ ಹೆಚ್ಚು ಸಿಡಿಯುತ್ತಿತ್ತು. ಹೇಳುತ್ತ ಹೇಳುತ್ತಲೇ ಅವನು ಹಗ್ಗದ ಸುರುಳಿ ಹೆಗಲಿಗೇರಿಸಿದ್ದ.

ಮೂರನೆಯವಳು ಕ್ರೆಶೆಂಜ್. ಮನೆಗೆ ಹೋದಳು. ಕಾಲಿಗೆ ಕಟ್ಟುವ ಉಕ್ಕಿನ ಮುಳ್ಳುಗಳನ್ನೂ, ಕಡಿದಾದ ಬೆಟ್ಟದಲ್ಲಿ ಕೊಯ್ದ ಹುಲ್ಲನ್ನು ಹೊರೆಕಟ್ಟುವ ಹಗ್ಗದ ಬಲೆಯನ್ನೂ ತಂದಳು. ಅವಳು ಕ್ಲೆಮೆನ್ಸ್‌ನ ಹೆಂಡತಿ. ಮೇಕೆಯೂ ಹಿಂದೆ ಸರಿಯುವ ಇಳಿಜಾರುಗಳಲ್ಲಿ ಇಪ್ಪತ್ತು ವರ್ಷದಿಂದ ಹುಲ್ಲು ಕೊಯ್ದವಳು.

“ಬಲೆ ಯಾಕಮ್ಮ?” ಎಂದ ಮುಖ್ಯಸ್ಥ.

“ಬೇಡದಿದ್ರೆ ವಾಪಸ್ ತರ್ತೀನಿ,” ಎಂದಳು.

ಯೋಸ್ಟ್‌ನ ಬೆನ್ನಿಗಿದ್ದ ವಸ್ತುವನ್ನು ಮಾತ್ರ ಮೈನ್‌ರಾಡ್ ಬಿಡಲಿಲ್ಲ. “ಆ ಆಲಿಕೆ ಯಾಕೆ ಯೋಸ್ಟಣ್ಣ? ಕುರಿ ಹಾಲು ಸೋಸ್ತೀರಾ?”

“ಇರ್ಲಿ ಬಿಡು,” ಎಂದ ಯೋಸ್ಟ್. ಅವನ ದನಿ ಒಡೆದ ಗಡಿಗೆಯ ಹಾಗಿತ್ತು.

ಅದು ಹಾಲು ಸೋಸುವ ಮರದ ಆಲಿಕೆ. ಬೇಸಿಗೆಯಲ್ಲಿ ದಿನವೂ ಹೊತ್ತು ಮುಳುಗುವಾಗ ಯಜಮಾನ ಅದನ್ನೇ ಬಾಯಿಗಿಟ್ಟು, ಗುಡಿಸಲ ಮುಂದಿನ ಶಿಲುಬೆಯ ಬುಡದಲ್ಲಿ ನಿಂತು, ನಾಲ್ಕು ದಿಕ್ಕಿಗೂ ತಿರುಗಿ ಸಂಜೆಗೂಗು ಕೂಗುತ್ತಾನೆ. ದೇವರೇ ಕಾಯಿ, ತಾಯಿ ಮರಿಯಾ ಕಾಯಿ, ಕುರುಬರ ಸಂತ ವೆಂಡೆಲಿನ್ ಕಾಯಿ. ಈ ಬೆಟ್ಟದಲ್ಲಿ ಎರಡು ಕಾಲಲ್ಲಿ ನಡೆಯೋದನ್ನೂ ನಾಲ್ಕು ಕಾಲಲ್ಲಿ ನಡೆಯೋದನ್ನೂ ಕಾಯಿ. ಆ ದನಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಇರುಳಿನ ಕೇಡು ಬಾರದು. ಮುದುಕನ ಹೊಟ್ಟೆ ಕೂಗನ್ನು ಹಿಂದಿರುಗಿಸುತ್ತದೆ, ಕೆಂಪುಗೋಡೆ ಹಿಂದಿರುಗಿಸುತ್ತದೆ, ಎದುರಿನ ಕಾಡೂ ಮೆಲ್ಲಗೆ ಹಿಂದಿರುಗಿಸುತ್ತದೆ. ಕಿಂಡಿಯ ಕಡೆ ಕೂಗಿದ್ದು ಮಾತ್ರ ಮರಳುವುದಿಲ್ಲ. ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗೆ.

ಇದೆಲ್ಲ ಊರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಮಾತೆ ಮರಿಯಳು ಹುಟ್ಟಿದ ಹಬ್ಬದ ಸಂಜೆ ಯೋಸ್ಟ್‌ನ ಗಂಟಲು ಒಡೆಯಿತು. ಉಳಿದ ಉಸಿರಿನಲ್ಲಿ ಮೂರು ದಿಕ್ಕಿಗೆ ಕೂಗಿದ. ನಾಲ್ಕನೆಯದಕ್ಕೆ ತಿರುಗಿ, ಹೇಗೂ ಉತ್ತರ ಕೊಡದ ದಿಕ್ಕು ಎಂದುಕೊಂಡು ಆಲಿಕೆ ಇಳಿಸಿದ. ಮರುದಿನವೂ ಹಾಗೇ. ಹಸು ಇಳಿಯುವವರೆಗಿನ ಆರು ಸಂಜೆಯೂ ಹಾಗೇ. ಆರು ಸಂಜೆ ಹಿಂಬಟ್ಟಲು ಕೂಗಿನ ಹೊರಗಿತ್ತು, ಅಲ್ಲಿ ಅವನ ತಮ್ಮನಿದ್ದ.  ಕಿಂಡಿಯಲ್ಲೇ ನಿಂತು ಒಂದು ಸಲ ಕೂಗಿ ಬರುತ್ತೇನೆ, ಎಂದುಕೊಂಡು ಯೋಸ್ಟ್ ಆಲಿಕೆಯನ್ನು ಬೆನ್ನಿಗೆ ಕಟ್ಟಿದ್ದ. ಇದನ್ನು ಯಾರಿಗೆ ಹೇಳುವುದು?

*

ಆ ದಿನ ಮೇಲ್ಗಾವಲಿನ ಖಾಲಿ ಗುಡಿಸಲು ತಲುಪಿ ತಂಗಿದರು. ಮರುದಿನ ಬೆಳಕು ಹರಿಯುವ ಮೊದಲೇ ಹೊರಟರು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಬೆಟ್ಟದ ಬುಡದಲ್ಲೇ ಹುಟ್ಟಿದವರಿಗೆ ಬೆಟ್ಟ ಯಾವತ್ತೂ ದೂರವಿರುವುದಿಲ್ಲ, ನುಣ್ಣಗೂ ಇರುವುದಿಲ್ಲ. ಆದರೆ ಆ ಬೆಳಗಿನಲ್ಲಿ ಅದು ನಿಜಕ್ಕೂ ನುಣ್ಣಗಿತ್ತು. ಬೇಸಿಗೆಯಲ್ಲಿ ಹಸುಗಳ ಗೊರಸು ತುಳಿದು ತುಳಿದು ಮೆಟ್ಟಿಲಾದ ಇಳಿಜಾರು, ನೀರು ಕುಡಿಯುವ ಮರದ ತೊಟ್ಟಿ, ಜೇನು ಬಣ್ಣಕ್ಕೆ ತಿರುಗಿದ ಹುಲ್ಲು, ಎಲ್ಲದರ ಮೇಲೂ ಒಂದೇ ಬಿಳಿಯ ಹೊದಿಕೆ. ಮೊದಲ ಬಿಸಿಲು ಮುದುಕನ ನೆತ್ತಿ ಮುಟ್ಟಿದಾಗ ಅವನ ಮುಖ ಕೆಂಡದಂತಾಯಿತು. ನೋಡುನೋಡುತ್ತ ಆ ಕೆಂಪು ಹೆಗಲಿಗಿಳಿದು, ಎದೆಗಿಳಿದು, ಚಿನ್ನವಾಗಿ, ಬೆಳ್ಳಿಯಾಗಿ, ಕಡೆಗೆ ಬರಿಯ ಹಿಮವಾಯಿತು. ಯೋಸ್ಟ್ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಇಷ್ಟು ಚೆಲುವಾಗಿರುವಾಗಲೇ ಇವನನ್ನು ನಂಬಬಾರದು, ಎಂದುಕೊಂಡ.

ಮಂಡಿಯುದ್ದ ಹಿಮ. ಮೈನ್‌ರಾಡ್ ಮುಂದೆ ದಾರಿ ತುಳಿಯುತ್ತಿದ್ದ. ಇನ್ನೂರು ಹೆಜ್ಜೆಯಾದ ಮೇಲೆ ಕ್ರೆಶೆಂಜ್, ಆಮೇಲೆ ಯೋಸ್ಟ್. ಕುರಿಗಳು ಇದೇ ಕಾಲುವೆಯಲ್ಲಿ ಸಾಲಾಗಿ ಇಳಿಯಬೇಕು. ಅದಕ್ಕೆ ಅಗಲವಾಗಿ, ಗಟ್ಟಿಯಾಗಿ ತುಳಿದರು. ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಮೇಲೆ ಮುದುಕನ ಹೊಟ್ಟೆಯ ಮೇಲೆ ಮೂರು ದಿನದ ಹಿಮ ಜೋತು ಬಿದ್ದಿತ್ತು.

“ಕೆಮ್ಮು ಬಂದ್ರೆ ನುಂಗ್ಬಿಡಿ,” ಎಂದು ಪಿಸುಗುಟ್ಟಿದ ಮೈನ್‌ರಾಡ್. “ಅವನಿಗೆ ನಿದ್ದೆ ಕೆಟ್ರೆ ಮಗ್ಗುಲು ಬದಲಾಯಿಸ್ತಾನೆ.”

ಕಿಂಡಿ ತಲುಪಿದಾಗ ಒಂಬತ್ತು ಗಂಟೆ. ಅಲ್ಲಿ ನಿಂತು ಕೂಗಬೇಕೆಂದಿದ್ದ ಯೋಸ್ಟ್ ತಲೆಯ ಮೇಲಿನ ಹಿಮ ನೋಡಿ ಬಾಯಿ ಮುಚ್ಚಿದ. ಆಚೆ ಹಿಂಬಟ್ಟಲು ಹಾಲು ತುಂಬಿದ ಬೋಗುಣಿಯಂತೆ ಮಲಗಿತ್ತು. ಬಲಕ್ಕೆ ಮುದುಕನ ಗೋಡೆಯ ಕೆಳಗೆ ಹಿಮನದಿ. ಅದರ ಬಿರುಕುಗಳ ಬಾಯಿಗೆಲ್ಲ ಹೊಸ ಹಿಮದ ತೆಳು ಮುಚ್ಚಳ. ಎಡಕ್ಕೆ ಕೆಂಪುಗೋಡೆ, ಅದರ ಅಂಚಿನಲ್ಲಿ ನೇರ ಪ್ರಪಾತ. ನಡುವಿನ ಬೆನ್ನಿನಂಥ ಇಳಿಜಾರೊಂದೇ ದಾರಿ.

ಹೊಗೆ ಎಲ್ಲೂ ಕಾಣಲಿಲ್ಲ.

“ಸೌದೆ ಮುಗಿದಿರುತ್ತೆ,” ಎಂದಳು ಕ್ರೆಶೆಂಜ್, ಯಾರೂ ಕೇಳದಿದ್ದರೂ. ಅವಳ ಹೆಜ್ಜೆ ಮಾತ್ರ ಬೇಗವಾಯಿತು.

ಇಳಿಜಾರಿನ ಬುಡದಲ್ಲಿ ಗಂಟೆ ಕೇಳಿಸಿತು. ಒಂದೇ ಗಂಟೆ, ನಿಧಾನವಾಗಿ. ಒಂದು ದೊಡ್ಡ ಬಂಡೆಯ ಮರೆಗೆ ಕಲ್ಲು ಪೇರಿಸಿ ಮಾಡಿದ ಗೂಡು. ಅದರ ಸುತ್ತ ಕುರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಬೆನ್ನ ಮೇಲೆ ಹಿಮ, ಕೆಳಗೆ ಹಬೆ. ಬಾಗಿಲಿಗೆ ಅಡ್ಡ ನಿಂತಿದ್ದಳು ಬಾಬೆಟ್ಟ, ಕೊರಳಲ್ಲಿ ಗಂಟೆ ಕಟ್ಟಿದ ಮುದಿ ಕುರಿ, ಮಂದೆಯ ಯಜಮಾನಿ.

“ಯಾರದು?” ಎಂದಿತು ಒಳಗಿನಿಂದ ಒಂದು ದನಿ. “ದೇವದೂತರಾದ್ರೆ ಆಮೇಲೆ ಬನ್ನಿ. ಮನುಷ್ಯರಾದ್ರೆ ರೊಟ್ಟಿ ತಂದಿದ್ದೀರಾ?”

ಕ್ರೆಶೆಂಜ್ ಕುರಿಗಳನ್ನು ಎರಡೂ ಕೈಯಿಂದ ತಳ್ಳಿ ಒಳಗೆ ನುಗ್ಗಿದಳು. ಕ್ಲೆಮೆನ್ಸ್ ಒಣಹುಲ್ಲಿನ ಮೇಲೆ ಮಲಗಿದ್ದ. ಎರಡು ಮರಿಗಳು ಅವನ ಪಕ್ಕೆಗೆ ಒತ್ತಿಕೊಂಡಿದ್ದವು. ಎಡಗಾಲಿಗೆ ಸೌದೆಯ ಸೀಳು ಕಟ್ಟಿತ್ತು. ಮಂಡಿಯ ಕೆಳಗೆ ಊದಿ ನೀಲಿಯಾಗಿತ್ತು. ಕಣ್ಣುಗಳು ಜ್ವರಕ್ಕೆ ಹೊಳೆಯುತ್ತಿದ್ದವು.

“ಬಂದ್ಯಾ,” ಎಂದ ಹೆಂಡತಿಗೆ.

“ಬಂದೆ. ಗಡ್ಡ ನೋಡಿದ್ರೆ ದೇವದೂತ ನೀವೂ ಅಲ್ಲ,” ಎಂದಳು. ಅವನ ಹಣೆ ಮುಟ್ಟಿದ ಕೈಯನ್ನು ಹಿಂತೆಗೆಯಲು ಅವಳಿಗೆ ಬಹಳ ಹೊತ್ತು ಬೇಕಾಯಿತು.

ರೈ ರೊಟ್ಟಿಯನ್ನು ಒಂದು ಗುಟುಕು ಸಾರಾಯಿಯಲ್ಲಿ ನೆನೆಸಿ ತಿನ್ನಿಸಿದರು. ಮೈನ್‌ರಾಡ್ ಕಾಲು ನೋಡಿ ಮುಖ ಸಿಂಡರಿಸಿದ. “ಇದು ಹಿಮ ಬೀಳೋ ಮೊದಲೇ ಆಗಿದ್ದು. ವಾರವಾಗಿದೆ. ಏನ್ ಮಾಡ್ಕೊಂಡೆ ಮಾರಾಯ?”

“ನನ್ನದೇ ದುಡುಕು,” ಎಂದ ಕ್ಲೆಮೆನ್ಸ್. “ದಿನಾ ಸಂಜೆ ಕಿಂಡಿ ಕೆಳಗಿನ ಚಪ್ಪಡಿ ಮೇಲೆ ಕೂತಿರ್ತಿದ್ದೆ. ಅಣ್ಣನ ಕೂಗು ಗಾಳಿ ಜೊತೆ ಬರೋದು. ಅದು ಕೇಳಿದ ಮೇಲೇ ನಾನು ಕುರಿ ಎಣಿಸೋದು. ಇಪ್ಪತ್ತು ವರ್ಷದಿಂದ ಹಾಗೇ. ಮರಿಯಮ್ಮನ ಹಬ್ಬದ ಸಂಜೆ ಬರ್ಲಿಲ್ಲ. ಮಾರನೇ ದಿನವೂ ಇಲ್ಲ. ಇಲ್ಲ ಮೇಲ್ಗಾವಲು ಖಾಲಿಯಾಗಿದೆ, ಇಲ್ಲ ಅಣ್ಣ ಸತ್ತಿದ್ದಾನೆ ಅಂದ್ಕೊಂಡೆ. ಎರಡಕ್ಕೂ ಇರ್ಲಿ ಅಂತ ಒಂದು ಜಪಮಾಲೆ ಹೇಳ್ದೆ.” ನಗಲು ಹೋಗಿ ಕೆಮ್ಮಿದ. “ಕೂಗು ನಿಂತ ಮೂರನೇ ದಿನ ನೀವು ಬರ್ಬೇಕಲ್ಲ. ಮಂದೆ ಹೊಡ್ಕೊಂಡು ಕಿಂಡಿಗೆ ಬಂದೆ. ಯಾರೂ ಇಲ್ಲ. ಮಾರನೇ ದಿನ, ಕೆಳಗೆ ಏನಾಯ್ತೋ ನೋಡೋಣ ಅಂತ ಒಬ್ಬನೇ ಓಡಿದೆ. ಮಂಜುಗಟ್ಟಿದ ಕಲ್ಲು, ಜಾರಿಬಿದ್ದೆ, ತೆವಳಿ ಗೂಡು ಸೇರ್ದೆ. ಅಷ್ಟೇ.”



ಇಪ್ಪತ್ತೇಳು ವರ್ಷ ಉತ್ತರಕ್ಕೆ ಕಾದು ಬೇಸತ್ತ ದಿಕ್ಕಿನಲ್ಲಿ ಒಬ್ಬ ಕಿವಿಗೊಟ್ಟು ಕೂತಿದ್ದ. ಯೋಸ್ಟ್ ತಮ್ಮನ ಕಡೆ ಬಗ್ಗಿದ.

“ಮೇಲ್ಗಾವಲು ಖಾಲಿಯಾಗಿರ್ಲಿಲ್ಲ ಕಣೋ,” ಎಂದ. “ನಾನೂ ಸತ್ತಿರ್ಲಿಲ್ಲ. ಗಂಟಲು ಹೋಗಿತ್ತು. ಮೂರು ದಿಕ್ಕಿಗೆ ಕೂಗಿ ನಿನ್ನ ಕಡೆ ಬಿಟ್ಬಿಟ್ಟೆ. ಆರು ಸಂಜೆ.”

 ಕ್ರೆಶೆಂಜ್ ಬಲೆಯ ಗಂಟು ಬಿಚ್ಚುತ್ತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

“ಇದನ್ನ ಇಲ್ಲಿ ಹೇಳ್ಬೇಡಿ ಭಾವ,” ಎಂದಳು, ತಿರುಗದೆ. “ಕೆಳಗೆ ಹೋದ್ಮೇಲೆ ಹೇಳಿ. ಇಲ್ಲಿ ಬೈಯೋಕೂ ಪುರುಸೊತ್ತಿಲ್ಲ ನನಗೆ. ಈ ತುದಿ ಹಿಡೀರಿ.”

*

ಬಲೆಯೊಳಗೆ ಒಣಹುಲ್ಲು ತುಂಬಿ, ಕಂಬಳಿ ಹಾಸಿ, ಕ್ಲೆಮೆನ್ಸ್‌ನನ್ನು ಮಲಗಿಸಿ, ಸುತ್ತ ಹುಲ್ಲಿನ ಹೊರೆಯಂತೆಯೇ ಬಿಗಿದು ಕಟ್ಟಿದಳು. ಮೈನ್‌ರಾಡ್ ಹಗ್ಗವನ್ನು ಎದೆಗೆ ಹಾಕಿಕೊಂಡು ಎಳೆಯುವುದು, ಅವಳು ಹಿಂದಿನಿಂದ ನೂಕುವುದು. ಯೋಸ್ಟ್ ಉಪ್ಪಿನ ಚೀಲ ಅಲ್ಲಾಡಿಸುತ್ತ ಮುಂದೆ. ಅವನ ಹಿಂದೆ ಬಾಬೆಟ್ಟ. ಅವಳ ಹಿಂದೆ ಬಲೆಯ ಹೊರೆ, ಕಡೆಗೆ ಮಂದೆ. ಆರು ಕುರಿ ಹಿಮದಲ್ಲೇ ಸತ್ತಿದ್ದವು. ಎಂಬತ್ತೆಂಟು ಸಾಲಾಗಿ ಹೊರಟವು.

ಮಧ್ಯಾಹ್ನದ ಹೊತ್ತಿಗೆ ಕ್ರೆಶೆಂಜ್ ಮೇಲೆ ನೋಡಿ ಮೆಲ್ಲಗೆ ಹೇಳಿದಳು: “ಕೊರಳು ನೋಡಿ.”

ಮುದುಕ ಕೊರಳಿಗೆ ಬೂದು ಪಟ್ಟಿ ಸುತ್ತಿಕೊಳ್ಳುತ್ತಿದ್ದ.

ಕಾಲು ಗಂಟೆಯೂ ಆಗಿರಲಿಲ್ಲ. ಮಂಜು ಬಂತು. ಕೆಳಗಿನಿಂದ ಬಂತೋ ಮೇಲಿನಿಂದ ಬಂತೋ ತಿಳಿಯಲಿಲ್ಲ. ಮೊದಲು ಕೆಂಪುಗೋಡೆ ಹೋಯಿತು, ಆಮೇಲೆ ಶಿಖರ, ಆಮೇಲೆ ಸಾಲಿನ ಬಾಲ. ಗಾಳಿ ಎದ್ದಿತು. ಬೆಳಿಗ್ಗೆ ತುಳಿದ ದಾರಿಯನ್ನು ಪುಡಿಹಿಮ ಬಂದು ತುಂಬಿತು. ಯೋಸ್ಟ್ ಬಗ್ಗಿ ಕೈಯಿಂದ ತಡವಿದ. ಹೆಜ್ಜೆಯ ಗುಳಿಯೂ ಹಾಗೇ ಇತ್ತು, ಗಾಳಿ ಕೊರೆದ ಗುಳಿಯೂ ಹಾಗೇ ಇತ್ತು.

ಹಿಂದೆ ಬರುತ್ತಿದ್ದ ಬಾಬೆಟ್ಟ ಗಕ್ಕನೆ ನಿಂತಳು. ಉಪ್ಪು ತೋರಿಸಿದರೂ ಬರಲಿಲ್ಲ.

ಯೋಸ್ಟ್ ಕೋಲನ್ನು ಮುಂದಕ್ಕೆ ಊರಿದ. ಕೋಲು ಇಳಿಯಿತು. ಇಳಿಯುತ್ತಲೇ ಹೋಯಿತು. ಹೆಜ್ಜೆ ಮುಂದಿನ ಹಿಮ ಸದ್ದಿಲ್ಲದೆ ಕುಸಿದು ಒಳಗೆ ನೀಲಿ ಕತ್ತಲೆ ಕಾಣಿಸಿತು.

“ಹಿಂದೆ!” ಎಂದ. “ಹಿಮನದಿ ಮೇಲೆ ಬಂದಿದ್ದೀವಿ. ಎಡಕ್ಕೆ ಸರಿದಿದ್ದೀವಿ.”

ಮೈನ್‌ರಾಡ್ ಎದೆಯ ಹಗ್ಗ ಬಿಚ್ಚಿ ಮುಂದೆ ಬಂದು ಬಿರುಕು ನೋಡಿದ. ಈಗ ಅವನ ನಾಲಿಗೆಯಲ್ಲಿ ಕುಚೋದ್ಯವಿರಲಿಲ್ಲ. “ಬಲಕ್ಕೆ ಹೋಗೋಣ.”

“ಎಷ್ಟು ಬಲಕ್ಕೆ? ಹೆಚ್ಚಾದ್ರೆ ಪ್ರಪಾತ.”

“ಇಲ್ಲೇ ಕಾಯೋಣ.”

ಇಬ್ಬರೂ ಕ್ಲೆಮೆನ್ಸ್ ಕಡೆ ನೋಡಿದರು. ಅವನು ಮಾತಾಡುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು. ತುಟಿ ಬೆಳ್ಳಗಾಗಿತ್ತು. ಕ್ರೆಶೆಂಜ್ ತನ್ನ ಶಾಲನ್ನೂ ಅವನಿಗೆ ಹೊದಿಸಿ, ಅವನ ಕಿವಿಯಲ್ಲಿ ಏನೇನೋ ಹೇಳುತ್ತಿದ್ದಳು: ಮನೆಯ ಹಂದಿ ಎಷ್ಟು ದಪ್ಪವಾಗಿದೆ, ಸೇಬಿಗಿಂತ ದೊಡ್ಡ ಆಲೂಗಡ್ಡೆ ಬಂದಿದೆ, ನಿದ್ದೆ ಮಾಡಿದರೆ ಜುಟ್ಟು ಹಿಡಿದು ಎಳೆಯುತ್ತೇನೆ.

“ಕಾಯೋಕಾಗಲ್ಲ,” ಎಂದಳು ತಲೆಯೆತ್ತಿ.

ಯೋಸ್ಟ್ ಬೆನ್ನಿನಿಂದ ಆಲಿಕೆ ಬಿಚ್ಚಿದ.

ಮೈನ್‌ರಾಡ್ ಅವನ ಕೈ ಹಿಡಿದ. “ತಲೆ ಕೆಟ್ಟಿದ್ಯಾ ಯೋಸ್ಟಣ್ಣ? ಮೇಲೆ ಮೂರು ದಿನದ ಹಿಮ ನೇತಾಡ್ತಿದೆ. ಅದೂ ಅಲ್ದೆ ಹಗಲು ಹೊತ್ತು ಸಂಜೆಗೂಗು ಯಾರಾದ್ರೂ ಕೂಗ್ತಾರಾ?”

“ಮುದುಕ ಕೂಗನ್ನ ಹಿಂದಕ್ಕೆ ಕೊಡ್ತಾನೆ. ಕೆಂಪುಗೋಡೆನೂ ಕೊಡುತ್ತೆ,” ಎಂದ ಯೋಸ್ಟ್. ಅವನ ದನಿ ಗಾಳಿಯಲ್ಲಿ ಹರಿದು ಹೋಗುತ್ತಿತ್ತು. “ಕಿಂಡಿ ಕೊಡಲ್ಲ. ಇಪ್ಪತ್ತೇಳು ವರ್ಷ ಕೊಟ್ಟಿಲ್ಲ. ಕೂಗು ಎಲ್ಲಿ ಮರಳಲ್ವೋ ಅಲ್ಲಿ ದಾರಿ.”

ಮೈನ್‌ರಾಡ್ ಕ್ರೆಶೆಂಜ್ ಕಡೆ ನೋಡಿದ. ಅವಳು ತಲೆಯಾಡಿಸಿದಳು. “ಕೂಗಿ ಭಾವ.”

ಯೋಸ್ಟ್ ಎಡಕ್ಕೆ ತಿರುಗಿ ಆಲಿಕೆ ಬಾಯಿಗಿಟ್ಟ.

“ದೇವರೇ ಕಾ...ಯಿ!”

ಒಡೆದ ದನಿ. ಆದರೂ ಮರದ ಗಂಟಲಿನಲ್ಲಿ ಅದು ತುಂಬಿ ಹೊರಟಿತು. ಒಂದು ಉಸಿರು ಕಳೆಯುವುದರೊಳಗೆ ಮಂಜಿನ ಒಳಗಿನಿಂದ ಯಾರೋ ಕಾ...ಯಿ ಎಂದರು. ಅಷ್ಟು ಬೇಗ! ಗೋಡೆ ಮೂಗಿನ ಮುಂದೆಯೇ ಇತ್ತು.

ಬಲಕ್ಕೆ ತಿರುಗಿ ಕೂಗಿದ. ಎಣಿಸಿದ. ಒಂದು, ಎರಡು, ಮೂರು. ತೆಳ್ಳಗೆ ಮರಳಿತು. ಕೆಂಪುಗೋಡೆ ದೂರವಿದೆ. ನಡುವೆ ಒಂದೊಂದೇ ಹೆಜ್ಜೆ ತಿರುಗುತ್ತ ಕೂಗಿದ. ಮರಳಿತು. ಮರಳಿತು. ಆಮೇಲೆ ಒಂದು ಕಡೆ ಕೂಗು ಹೋಯಿತು. ಬರಲಿಲ್ಲ.

“ಅಲ್ಲಿ,” ಎಂದ.

ಅರವತ್ತು ಹೆಜ್ಜೆ ನಡೆಯುವುದು, ನಿಲ್ಲುವುದು, ಕೂಗುವುದು, ಕಿವಿಗೊಡುವುದು. ಎಡಗಡೆ ಮರಳುವ ಹೊತ್ತು ಉದ್ದವಾಯಿತು, ಗೋಡೆ ದೂರವಾಗುತ್ತಿತ್ತು. ಕಾಲಡಿಯ ಹಿಮ ಗಟ್ಟಿಯಾಯಿತು. ಬಾಬೆಟ್ಟ ಈಗ ತಾನಾಗಿಯೇ ಹಿಂದೆ ಬರುತ್ತಿದ್ದಳು. ಯೋಸ್ಟ್‌ನ ಗಂಟಲಿನಲ್ಲಿ ರಕ್ತದ ಉಪ್ಪುರುಚಿ ಬಂತು. ಮೊದಲ ಕೂಗುಗಳು ಅವನಿಗೆ ಅಳತೆಗೋಲಿನ ಹಾಗಿದ್ದವು. ಯಾವ ಹೆಜ್ಜೆಯಲ್ಲೋ ಅವು ಮತ್ತೆ ಪ್ರಾರ್ಥನೆಯಾದವು. ಎರಡು ಕಾಲಲ್ಲಿ ನಡೆಯೋದನ್ನೂ ಕಾಯಿ. ನಡೆಯಲಾಗದೆ ಬಲೆಯಲ್ಲಿ ಮಲಗಿರೋದನ್ನೂ ಕಾಯಿ.

ಆಗ ಮೇಲೆ ಎಲ್ಲೋ ಒಂದು ದಪ್ಪ ಬಟ್ಟೆ ಹರಿದಂತೆ ಸದ್ದಾಯಿತು.

“ಹಿಮ!” ಎಂದು ಕಿರುಚಿದ ಮೈನ್‌ರಾಡ್. “ಬಗ್ಗಿ!”

ಕ್ರೆಶೆಂಜ್ ಗಂಡನ ಮೇಲೆ ಬಿದ್ದಳು. ಮೈನ್‌ರಾಡ್ ಸೊಂಟದ ಕೊಡಲಿಯನ್ನು ಹಿಮಕ್ಕೆ ಹೊಡೆದು ಹಗ್ಗ ಸುತ್ತಿದ. ಯೋಸ್ಟ್ ಬಾಬೆಟ್ಟಳ ಕೊರಳು ತಬ್ಬಿಕೊಂಡ.

ನೆಲ ನಡುಗಿತು. ಒಂದು ಬಿಳಿಯ ಗಾಳಿ ಬಂದು ಬಾಯಿ ಮೂಗು ತುಂಬಿತು. ಗುಡುಗು ಹಿಂದಿನಿಂದ ಹಾದುಹೋಯಿತು. ದೂರ ಹೋಯಿತು. ನಿಂತಿತು.

ಯೋಸ್ಟ್ ತಲೆಯೆತ್ತಿದ. “ಕ್ರೆಶೆಂಜ್?”

“ಇದ್ದೀವಿ,” ಎಂಬ ದನಿ ಬಂತು. ಅದರ ಹಿಂದೆಯೇ ಇನ್ನೊಂದು, ಬಲು ಕ್ಷೀಣವಾಗಿ: “ಇವಳು ಎದ್ದೇಳ್ಲಿ ಅಂತ ಯಾರಾದ್ರೂ ಹೇಳಿ. ಹಿಮಕ್ಕಿಂತ ಭಾರ.”

ಸಾಲಿನ ಬಾಲ ಇರಲಿಲ್ಲ. ಅಲ್ಲಿ ನುಣುಪಾದ ಒಂದು ಹೊಸ ಇಳಿಜಾರಿತ್ತು. ಯೋಸ್ಟ್ ಅತ್ತ ಎರಡು ಹೆಜ್ಜೆ ಹೋದ. ಮೈನ್‌ರಾಡ್ ತೋಳು ಹಿಡಿದ. “ಬೇಡ. ಅವು ಹೋದ್ವು. ನಾವಿದ್ದೀವಿ. ಬಿದ್ದಿದ್ದು ಬಿತ್ತು, ಇನ್ನು ಮೇಲೆ ಬೀಳೋದೇನೂ ಇಲ್ಲ. ಧೈರ್ಯವಾಗಿ ಕೂಗಿ.”

ಯೋಸ್ಟ್ ಆಲಿಕೆ ಬಾಯಿಗಿಟ್ಟ. ಗಾಳಿ ಹೊರಟಿತು, ದನಿ ಹೊರಡಲಿಲ್ಲ. ಇನ್ನೊಮ್ಮೆ. ಒಣ ಎಲೆ ಉಜ್ಜಿದ ಸದ್ದು. ಕಣ್ಣಲ್ಲಿ ನೀರು ಬಂತು. ಇನ್ನು ನೂರು ಹೆಜ್ಜೆಯೋ ಐನೂರೋ!

ಕ್ರೆಶೆಂಜ್ ಎದ್ದು ಬಂದು ಆಲಿಕೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಹೆಂಗಸರು ಸಂಜೆಗೂಗು ಕೂಗಿದ್ದನ್ನು ಓಬರ್ಮಾಟ್‌ನಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಇಳಿಜಾರಿನಿಂದ ಇಳಿಜಾರಿಗೆ ಕೂಗಿ ಮಾತಾಡುವ ಹುಲ್ಲು ಕೊಯ್ಯುವವರ ಗಂಟಲು ಅವಳದು.

“ತಾಯಿ ಮರಿಯಾ ಕಾ...ಯಿ!”

ಎಡಕ್ಕೆ ಮರಳಿತು. ಬಲಕ್ಕೆ ಮರಳಿತು, ಎರಡೂ ಒಂದೇ ಹೊತ್ತಿಗೆ. ಯೋಸ್ಟ್ ಅವಳ ಭುಜ ಹಿಡಿದು ನೇರಕ್ಕೆ ತಿರುಗಿಸಿದ.

ಅವಳು ಕೂಗಿದಳು. ನಾಲ್ವರೂ ಉಸಿರು ಹಿಡಿದರು. ಹತ್ತು ಎಣಿಸುವವರೆಗೂ ಏನೂ ಬರಲಿಲ್ಲ. ಇಪ್ಪತ್ತು. ಏನೂ ಇಲ್ಲ.

“ದೇವರ ದಯೆ,” ಎಂದ ಯೋಸ್ಟ್, ದನಿಯಿಲ್ಲದ ತುಟಿಯಲ್ಲಿ.

ಎಪ್ಪತ್ತು ಹೆಜ್ಜೆಯಲ್ಲಿ ಒಂದು ಚಪ್ಪಡಿ ಕಲ್ಲು ಕಾಲಿಗೆ ತಗಲಿತು. ಕ್ಲೆಮೆನ್ಸ್ ಬಲೆಯೊಳಗಿಂದ ಕೈ ಚಾಚಿ ಅದನ್ನು ಮುಟ್ಟಿದ. “ನನ್ನ ಕಲ್ಲು,” ಎಂದ. ಅದರ ಮೇಲೆಯೇ ಕಿಂಡಿ.

*

ಕಿಂಡಿಯ ಈಚೆ ಮಂಜು ತೆಳುವಾಗಿತ್ತು. ಬೆಳಗಿನ ಕಾಲುವೆ ಅಲ್ಲಲ್ಲಿ ಉಳಿದಿತ್ತು. ಕ್ರೆಶೆಂಜ್ ಕಾಲಿನ ಮುಳ್ಳುಗಳನ್ನು ಬಿಗಿಮಾಡಿ, ಹೊರೆಯ ಮುಂದೆ ಕುಳಿತು, ಹಿಮ್ಮಡಿ ಊರಿ, ಗಂಡನನ್ನು ಇಳಿಸತೊಡಗಿದಳು.

“ಮೆಲ್ಲಗೆ! ಮೆಲ್ಲಗೆ ಕಣೇ! ಇದು ಕಾಲು, ಗೂಟ ಅಲ್ಲ!”

“ಇಪ್ಪತ್ತು ವರ್ಷ ಹುಲ್ಲಿನ ಹೊರೆ ಇಳಿಸಿದ್ದೀನಿ. ಒಂದು ಹೊರೆಯೂ ಬೈದಿರ್ಲಿಲ್ಲ. ಇದೊಂದೇ ಬೈಯೋದು.”

“ಹೊರೆಗೆ ಮದುವೆ ಆಗಿರ್ಲಿಲ್ಲ,” ಎಂದ ಮೈನ್‌ರಾಡ್ ಹಿಂದಿನಿಂದ ಹಗ್ಗ ಸಡಿಲಿಸುತ್ತ. ಅವನ ನಾಲಿಗೆ ಜೀವ ಹಿಡಿದಿತ್ತು.

ಹೊತ್ತು ಮುಳುಗುವಾಗ ಗುಡಿಸಲು ತಲುಪಿದರು. ಚೀಸ್ ಕಾಯಿಸುವ ಒಲೆಗೆ ಮೈನ್‌ರಾಡ್ ಬೆಂಕಿ ಹಾಕಿದ. ಕ್ಲೆಮೆನ್ಸ್‌ನನ್ನು ಒಲೆಯ ಪಕ್ಕದ ಹಲಗೆಯ ಮೇಲೆ ಮಲಗಿಸಿ, ಒಣಗಿಸಿದ ಪೇರುಹಣ್ಣು ಹಾಕಿ ಕುದಿಸಿದ ನೀರು ಕುಡಿಸಿದರು. ಕೆನ್ನೆಗೆ ಬಣ್ಣ ಬಂತು. ಕಾಲು ಉಳಿಯುತ್ತದೋ ಇಲ್ಲವೋ ಕೆಳಗಿನ ಊರಿನ ಡಾಕ್ಟರೇ ಹೇಳಬೇಕು, ಜೀವ ಉಳಿದಿತ್ತು. ಯೋಸ್ಟ್ ಹೊರಗೆ ದೊಡ್ಡಿಯ ಬಾಯಲ್ಲಿ ನಿಂತು ಕುರಿ ಎಣಿಸಿದ. ಎಂಬತ್ತೊಂದು. ಮತ್ತೊಮ್ಮೆ ಎಣಿಸಿದ. ಎಂಬತ್ತೊಂದೇ. ಹಿಮದ ಜಾರಿನಲ್ಲಿ ಏಳು ಹೋಗಿದ್ದವು. ಹನ್ನೊಂದು ಮನೆಯ ಬಾಗಿಲಿಗೂ ತಾನೇ ಹೋಗಿ, ಹೇಗಾಯಿತು, ಯಾರ ತಪ್ಪು ಎಂದು ಹೇಳಬೇಕು. ಹೇಳುತ್ತೇನೆ, ಎಂದುಕೊಂಡ. ಆ ಯೋಚನೆಗೆ ಈಗ ಹೆದರಿಕೆಯಾಗಲಿಲ್ಲ. ಆಯಾಸ ಮಾತ್ರ ಆಯಿತು.

ಕ್ರೆಶೆಂಜ್ ಬಂದು ಪಕ್ಕದಲ್ಲಿ ನಿಂತಳು.

“ಕೆಳಗೆ ಬಂದ್ಮೇಲೆ ಹೇಳಿ ಅಂದಿದ್ದೆ,” ಎಂದಳು.

ಯೋಸ್ಟ್ ಬಾಯಿ ತೆರೆದ. ದನಿ ಇರಲಿಲ್ಲ. ಕೈ ಅಗಲಿಸಿದ, ಅಷ್ಟೇ.

 “ನಾನೂ ಆ ವಾರ ಮೇಲಿನ ಇಳಿಜಾರಲ್ಲಿ ಹುಲ್ಲು ಕೊಯ್ತಿದ್ದೆ ಭಾವ. ಮೂರೇ ಸಲ ಕೇಳಿಸ್ತು. ಯಾಕೆ ಅಂತ ಕೇಳೋಕೆ ನೂರು ಹೆಜ್ಜೆ ಬರ್ಬೇಕಿತ್ತು. ಕೆಲಸ ಇತ್ತು, ಬರ್ಲಿಲ್ಲ.” ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು. “ಹೊತ್ತಾಯ್ತು. ಆಲಿಕೆ ಎಲ್ಲಿ?”

ಹಸು ಇಳಿದ ಮೇಲೆ ಮೇಲ್ಗಾವಲಿನಲ್ಲಿ ಕೂಗುವ ಪದ್ಧತಿಯಿಲ್ಲ. ಯೋಸ್ಟ್ ಅದನ್ನು ಹೇಳಲು ಹೋಗಲಿಲ್ಲ. ಆಲಿಕೆಯೊಳಗಿನ ಹಿಮವನ್ನು ತೋಳಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. 

ಅವಳು ಶಿಲುಬೆಯ ಬುಡದಲ್ಲಿ ನಿಂತಳು. ಮುದುಕನ ಕಡೆ ಕೂಗಿದಳು, ಮರಳಿತು. ಕೆಂಪುಗೋಡೆಯ ಕಡೆ ಕೂಗಿದಳು, ಮರಳಿತು. ಕಾಡಿನ ಕಡೆ ಕೂಗಿದಳು, ಮೆಲ್ಲಗೆ ಮರಳಿತು. ಯೋಸ್ಟ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವಳು ಕಿಂಡಿಯ ಕಡೆ ತಿರುಗಿ, ಉಳಿದ ಮೂರಕ್ಕಿಂತ ಒಂದು ಉಸಿರು ಹೆಚ್ಚು ಎಳೆದು, ನಾಲ್ಕನೆಯದನ್ನು ಕೂಗಿದಳು.

ಏನೂ ಮರಳಲಿಲ್ಲ. ಮಂಜಿನ ಹಿಂದೆ ಮೊದಲ ನಕ್ಷತ್ರ ಕಂಡಿತು.

ಆಗ ಗುಡಿಸಲ ಒಳಗಿನಿಂದ, ಒಲೆಯ ಪಕ್ಕದಿಂದ, ನಿದ್ದೆಗಣ್ಣಿನ ಒಂದು ದನಿ ಬಂತು.

“ಕೇಳಿಸ್ತು ಕಣ್ರೋ. ಇನ್ನು ಕುರಿ ಎಣಿಸ್ಬೋದು.”